ಗೈಡಿನ ಸಹಿ

"ಯಾರಮ್ಮ ಈ ಗೈಡು? ನಾಚಿಕೆ ಆಗ್ಬೇಕು ಅವನಿಗೆ" ಎಂದು ಪ್ರೊಫೆಸರ್ ಚಂದ್ರಶೇಖರಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಸವಳಂಗ ರಸ್ತೆಯ ಅವರ ಮನೆಯ ಹಾಲಿನಲ್ಲಿ, ಕುರ್ಚಿಯ ತುದಿಗೆ ಕುಳಿತಿದ್ದ ಸುಮನಾ, ಅವರ ಮುಂದಿದ್ದ ತನ್ನ ಪ್ರಬಂಧದ ಪುಟವನ್ನೇ ನೋಡಿದಳು. ಜರ್ಮನಿ, ಜಪಾನ್, ಭಾರತಗಳಲ್ಲಿ ಪಿಎಚ್‌.ಡಿ. ಮಾಡುವವರನ್ನು ಹೇಗೆ ತಯಾರು ಮಾಡುತ್ತಾರೆ ಎಂಬುದು ಅವಳ ಪ್ರಬಂಧ. ಮೊದಲೆರಡು ದೇಶ ಕಂಡವಳಲ್ಲ. ಅಲ್ಲಿನವರನ್ನು ಫೋನಿನಲ್ಲೇ ಮಾತಾಡಿಸಿದ್ದಳು. ಜರ್ಮನಿಯ ಹುಡುಗನಿಗೆ ಸಂಬಳವಿತ್ತು, ರಜೆಯಿತ್ತು, ಗೈಡಿನ ಮನೆ ಯಾವ ಬೀದಿಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಭಾರತದ ಅಧ್ಯಾಯಕ್ಕೆ ಬಂದಾಗ ಅವಳೊಂದು ಕಿತಾಪತಿ ಮಾಡಿದ್ದಳು. ಹೆಸರು ಹೇಳಲೊಪ್ಪದ ಸಂಶೋಧಕಿಯೊಬ್ಬಳು ಪ್ರತಿ ಶನಿವಾರ ಗೈಡಿನ ತಾಯಿಯನ್ನು ಮಂಡಿನೋವಿನ ಚಿಕಿತ್ಸೆಗೆ ಪಕ್ಕದ ಊರಿಗೆ ಕರೆದೊಯ್ಯುತ್ತಾಳೆ, ಗೈಡಿನ ಮಗನ ಪ್ರಾಜೆಕ್ಟನ್ನೂ ಬರೆದುಕೊಡುತ್ತಾಳೆ ಎಂದು ಬರೆದಿದ್ದಳು. ಆ ಸಂಶೋಧಕಿ ಅವಳೇ; ಆ ಗೈಡು ಈಗ ಎದುರಿಗೆ ಕುಳಿತು ಓದುತ್ತಿದ್ದ ಚಂದ್ರಶೇಖರಪ್ಪನವರೇ. ಓದಿದಾಗ ಸರ್‌ಗೆ ಚುರುಕ್ ಎನ್ನಲಿ ಎಂಬ ಆಸೆ; ಚುರುಕ್ ಎಂದರೆ ಸಲ್ಲಿಸಲು ಬೇಕಾದ ಅವರ ಸಹಿ ಹೋಯಿತಲ್ಲ ಎಂಬ ಭಯ. ಈ ತಿಂಗಳು ಪ್ರಬಂಧ ಸಲ್ಲಿಸದಿದ್ದರೆ ಭದ್ರಾವತಿಯ ಕಾಲೇಜಿನ ಕೆಲಸ ಇನ್ನೊಬ್ಬರ ಪಾಲು. ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಚುರುಕ್ ಎನ್ನಲೇ ಇಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣವೇ ಕಾಣುವುದು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಒಳ್ಳೇ ಡೇಟಾ ಇದು. ಆದ್ರೆ ಒಬ್ಬಳ ಮಾತಿಗೆ ಎಗ್ಸಾಮಿನರ್ ಒಪ್ಪಲ್ಲ. ಇಂಥೋರು ಇನ್ನೊಂದಿಷ್ಟು ಜನರನ್ನ ಹುಡುಕು. ಮುಂದಿನ ವರ್ಷ ಸಬ್ಮಿಟ್ ಮಾಡಣಂತೆ."

"ಅಷ್ಟೊತ್ತಿಗೆ ಕೆಲಸ ಹೋಗಿರುತ್ತೆ ಸರ್."

"ಕೆಲಸ ಇನ್ನೊಂದು ಸಿಗುತ್ತೆ ಮಾರಾಯ್ತಿ. ಥೀಸಿಸ್ ಗಟ್ಟಿ ಇರ್ಬೇಕು."

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. ಸುಮನಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿದವು. ಇಷ್ಟು ವರ್ಷ ಅವರೆದುರು ಹೂಂ ಎನ್ನುವುದಷ್ಟೇ ಗೊತ್ತಿದ್ದವಳು ಅಂದು ಬಾಯಿ ಬಿಟ್ಟಳು.

"ಸರ್, ಆ ಸಂಶೋಧಕಿ ನಾನೇ."

ಚಂದ್ರಶೇಖರಪ್ಪ ಅವಳನ್ನು ದಿಟ್ಟಿಸಿದರು. ಆಮೇಲೆ ನಕ್ಕುಬಿಟ್ಟರು. ಆ ನಗೆಯಲ್ಲಿ ಕಪಟವಿರಲಿಲ್ಲ.

"ಏ, ನಿಂದು ಬೇರೆ. ನೀನು ಮನೆಮಗಳು. ಅದನ್ನೆಲ್ಲ ಡೇಟಾ ಅನ್ನಕ್ಕಾಗುತ್ತಾ? ಹಂಗಾದ್ರೆ ಆ ಪುಟ ತೆಗ್ದುಬಿಡು. ನಿಜವಾಗ್ಲೂ ಕಷ್ಟ ಪಡ್ತಿರೋರನ್ನ ಹುಡುಕು." ಒಳಮನೆಯ ಕಡೆ ತಿರುಗಿ ಕರೆದರು. "ಅಮ್ಮ, ಶನಿವಾರ ಅಲ್ವಾ, ಹೊರಡು. ಸುಮನಾ ಕಾಯ್ತಾ ಇದಾಳೆ."

ಅವರ ತಾಯಿ ಕಲ್ಲಮ್ಮ ಗೋಡೆ ಹಿಡಿದುಕೊಂಡು ಬಂದರು. ಮೆಟ್ಟಿಲ ಬಳಿ ಗೋಡೆ ಬಿಟ್ಟು ಸುಮನಾಳ ಭುಜ ಹಿಡಿದರು. ಸುಮನಾ ಎಂದಿನಂತೆ ತುಸು ಬಾಗಿದಳು.

ಭದ್ರಾವತಿ ದಾರಿಯಲ್ಲಿ, ಮಾಚೇನಹಳ್ಳಿ ಹತ್ತಿರ ಕಬ್ಬಿಣದ ಸರಳು ಹೇರಿದ ಲಾರಿಯೊಂದು ಅವರ ಕಾರಿನ ಮುಂದೆ ತೆವಳುತ್ತಿತ್ತು. ಸುಮನಾ ಅದನ್ನು ಹಿಂದಿಕ್ಕಲು ಹಾರ್ನ್ ಒತ್ತಿ ಬಲಕ್ಕೆ ತಿರುಗಿಸಿದಳು.

"ಮೆಲ್ಲಗೆ ಹೋಗು ಮಗಳೇ" ಎಂದರು ಕಲ್ಲಮ್ಮ, ಪ್ರೀತಿಯಿಂದ. "ನಮಗೇನು ಅವಸರ?"

ಸುಮನಾ ಗೇರ್ ಇಳಿಸಿ, ಮತ್ತೆ ಲಾರಿಯ ಹಿಂದಕ್ಕೇ ಬಂದಳು.