ಎರಡನೇ ತಿದ್ದುಪಡಿಯ ಪಾಠ

ತಮ್ಮ ಯುಜಿನ್ ತೀರಿಕೊಂಡ ಮೇಲೆ ರೊಸಲಿನ್ ಶಾಲೆಗೆ ಮರಳಿದ ವಾರವೇ, ಜನರಿಗೆ ಬಂದೂಕಿನ ಹಕ್ಕು ಕೊಟ್ಟ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿಯ ಪಾಠ ಬಂತು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಅಮೆರಿಕದ ಪಠ್ಯಕ್ರಮವಿರುವ ಶಾಲೆಯೊಂದರಲ್ಲಿ ಅವಳು ಇತಿಹಾಸದ ಟೀಚರ್.

"ಈ ಒಂದು ಕ್ಲಾಸ್ ನಾನು ತಗೊಳ್ತೇನೆ, ನೀವು ಬಿಡಿ" ಎಂದರು ಸಹೋದ್ಯೋಗಿ ಶ್ರೀನಿವಾಸಮೂರ್ತಿ.

"ಬೇಡ ಸರ್. ಬಂದೂಕಿನ ಹಕ್ಕು ಯಾಕೆ ಬರೆದದ್ದು ಅಂತ ನಾನೇ ಹೇಳ್ಬೇಕು."

ಯುಜಿನ್ ವರ್ಷಗಟ್ಟಲೆ ದುಬೈಯ ಜೆಬೆಲ್ ಅಲಿಯ ಗೋದಾಮಿನಲ್ಲಿ ದುಡಿದವನು. ನರ್ಸ್ ಆಗಿದ್ದ ಹೆಂಡತಿ ರೀಮಾಳಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಾಗ ಅವಳೊಂದಿಗೆ ಹೋಗಿ, ಅಲ್ಲಿ ಪಾರ್ಸೆಲ್ ಮುಟ್ಟಿಸುವ ಕೆಲಸ ಹಿಡಿದಿದ್ದ. ಒಂದು ಸಂಜೆ ಪಾರ್ಸೆಲ್ ಹಿಡಿದು ಹೋದವನು ಮನೆ ನಂಬರ್ ತಪ್ಪಿ ಪಕ್ಕದ ಮನೆಯ ಬಾಗಿಲು ತಟ್ಟಿದ. ಒಳಗಿದ್ದ ಮುದುಕ ಬಾಗಿಲು ತೆರೆಯದೆಯೇ ಗುಂಡು ಹಾರಿಸಿದ. ಹೆದರಿ ಹಾರಿಸಿದೆ, ನನ್ನ ಮನೆ ಕಾಯುವುದು ನನ್ನ ಹಕ್ಕು ಎಂದ. ಅವನ ಮೇಲೆ ಕೇಸು ನಡೆಸುವುದಿಲ್ಲವೆಂದು ಸರಕಾರಿ ವಕೀಲರು ತೀರ್ಮಾನಿಸಿದರು.

ಕ್ಲಾಸಿನಲ್ಲಿ ರೊಸಲಿನ್‌ಳ ಸ್ವರ ನಡುಗಲಿಲ್ಲ. ಈ ತಿದ್ದುಪಡಿ ಬರೆದವರು ಇಂಗ್ಲೆಂಡಿನ ರಾಜನ ಸಿಪಾಯಿಗಳ ದರ್ಪ ಕಂಡವರು, ಎಂದಳು. ಕೇಂದ್ರ ಸರಕಾರದ ಕೈಯಲ್ಲಿ ಕಾಯಂ ಸೈನ್ಯವಿದ್ದರೆ ಅದು ನಾಳೆ ತಮ್ಮ ಮೇಲೆಯೇ ತಿರುಗೀತೆಂಬ ಹೆದರಿಕೆ. ಅದಕ್ಕೇ ರಾಜ್ಯ ರಾಜ್ಯದಲ್ಲೂ ರೈತ, ಕಮ್ಮಾರ, ಅಂಗಡಿಯವರ ನಾಗರಿಕ ಸೇನೆ ಇರಬೇಕು, ಕರೆ ಬಂದಾಗ ಅವರು ತಮ್ಮ ಕೋವಿ ಹಿಡಿದು ಬರಬೇಕು. ತಿದ್ದುಪಡಿಯ ಮೊದಲ ಮಾತೇ ಆ ಸೇನೆಯದು. ದಕ್ಷಿಣದ ರಾಜ್ಯಗಳಲ್ಲಿ ಅದೇ ಸೇನೆ ಗುಲಾಮರನ್ನು ಅದುಮಿಡಲಿಕ್ಕೂ ಬಳಕೆಯಾಯಿತು ಎಂಬುದನ್ನೂ ಅವಳು ಬಿಡಲಿಲ್ಲ.

ಬೆಲ್ ಆದ ಮೇಲೆ ಉಳ್ಳಾಲ ಕಡೆಯ ಹುಡುಗಿ ನಾಫಿಯಾ ಮೇಜಿನ ಬಳಿ ಬಂದಳು.

"ಮಿಸ್, ಹಾಗಾದ್ರೆ ಅದು ಸೇನೆಗೋ, ಮನೆಗೋ?"

"ಜಗಳ ಇರುವುದೇ ಅಲ್ಲಿ. ಸೇನೆಗೆ ಮಾತ್ರ ಅಂತ ಕೆಲವರು. ತನ್ನ ಜೀವ ಕಾಯುವ ಹಕ್ಕೂ ಅದರೊಳಗೆ ಮೊದಲಿಂದಲೇ ಇತ್ತು ಅಂತ ಇನ್ನು ಕೆಲವರು. ಅಲ್ಲಿಯ ಸುಪ್ರೀಂ ಕೋರ್ಟು ಮನೆಗೂ ಉಂಟು ಅಂತ ಹೇಳಿ ಆಯ್ತು."

"ನಿಮಗೆ ಏನನ್ನಿಸ್ತದೆ?"

"ನನ್ನನ್ನು ಕೇಳ್ಬೇಡ ಮಗಾ. ಈಗ ಕೇಳ್ಬೇಡ."

ಮನೆ ಮುಟ್ಟಿದಾಗ ರೀಮಾಳ ಫೋನ್ ಬಂತು.

"ಅಕ್ಕಾ, ನಾನೊಂದು ಗನ್ ತಗೊಂಡಿದ್ದೇನೆ. ನಿಮಗೆ ಹೇಳಿರಲಿಲ್ಲ."

"ಎಂತ ಹೇಳ್ತಿ ರೀಮಾ? ಎಲ್ರಾಯ್ ಇರುವ ಮನೆಯಲ್ಲಿ?" ಎಲ್ರಾಯ್ ಅವಳ ಮಗ, ಇನ್ನೂ ಆರು ವರ್ಷ.

"ಎಲ್ಲರ ಮನೆಯಲ್ಲೂ ಉಂಟು, ನನ್ನಲ್ಲಿ ಮಾತ್ರ ಇಲ್ಲ ಅಂತ ನಿದ್ರೆ ಬರ್ತಿರಲಿಲ್ಲ." ಅವಳು ಬಿಕ್ಕಿದಳು. "ನಿನ್ನೆ ಯಾರೋ ಬಾಗಿಲು ಬಡಿದರು. ಯಾರು ಅಂತ ಕೂಗಿದರೆ ಉತ್ತರ ಇಲ್ಲ. ಗನ್ ಎತ್ತಿ ಬಾಗಿಲಿಗೇ ಹಿಡಿದೆ. ಆಗ ಎಲ್ರಾಯ್ ಕಿಟಕಿಯಿಂದ ನೋಡಿ, ಮಮ್ಮಾ ಪಾರ್ಸೆಲ್ ಅಂದ. ಒಬ್ಬಳು ಹುಡುಗಿ ಅಕ್ಕಾ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದಳು. ನನ್ನ ಸ್ವರವೇ ಅವಳಿಗೆ ಕೇಳಿರಲಿಲ್ಲ."

ರೊಸಲಿನ್ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಇಷ್ಟು ದಿನ ಆ ಮುದುಕನನ್ನು ಮನಸಾರೆ ಶಪಿಸಿದ್ದಳು. ಸಿಟ್ಟು ಈಗಲೂ ಕಡಿಮೆಯಾಗಿರಲಿಲ್ಲ, ಆದರೆ ಅವನ ಮುಖ ನೆನೆಯಹೋದರೆ ರೀಮಾಳ ಮುಖ ಅಡ್ಡ ಬರುತ್ತಿತ್ತು.

"ಅದನ್ನು ಇವತ್ತೇ ಪೊಲೀಸರಿಗೆ ಕೊಡು. ಮಗುವನ್ನು ಕರ್ಕೊಂಡು ಇಲ್ಲಿಗೆ ಬಾ."

"ಅವರನ್ನು ಇಲ್ಲಿ ಒಬ್ಬರನ್ನೇ ಬಿಟ್ಟು?" ಯುಜಿನ್‌ನನ್ನು ಅಲ್ಲಿಯೇ ಮಣ್ಣು ಮಾಡಿದ್ದರು.

"ಬಿಟ್ಟು ಬಾ" ಎಂದಳು ರೊಸಲಿನ್.

ರೀಮಾ ಗನ್ನನ್ನು ಅಂದೇ ಠಾಣೆಗೆ ಒಪ್ಪಿಸಿದಳು. ಬೇಸಿಗೆಯಲ್ಲಿ ತಾಯಿ ಮಗ ಇಬ್ಬರೂ ಅಬುಧಾಬಿಗೆ ಬಂದಿಳಿದರು. ವಿಮಾನ ನಿಲ್ದಾಣದಿಂದ ಬರುವ ದಾರಿಯುದ್ದಕ್ಕೂ ಎಲ್ರಾಯ್ ನಿದ್ದೆ ಮಾಡಿದ. ರೀಮಾ ಒಮ್ಮೆ ಮಾತ್ರ ಬಾಯಿ ತೆರೆದಳು.

"ಹೊರಡುವ ದಿನ ಆ ಮುದುಕನ ಬೀದಿಯಿಂದಲೇ ಬಂದೆ ಅಕ್ಕಾ. ಅವನು ಜಗಲಿಯಲ್ಲಿ ಕುಳಿತಿದ್ದ. ಕಾರು ನಿಲ್ಲಿಸಿ ಏನಾದರೂ ಹೇಳ್ಬೇಕು ಅಂತ ಇತ್ತು. ಏನೂ ಬರಲಿಲ್ಲ."

ರೊಸಲಿನ್ ಕಾರು ಓಡಿಸುತ್ತಲೇ ಇದ್ದಳು. ಮನೆ ಮುಟ್ಟಿದ ಮೇಲೆ ನಿದ್ದೆಯಲ್ಲಿದ್ದ ಎಲ್ರಾಯ್‌ನನ್ನು ಎತ್ತಿಕೊಂಡು ಬಾಗಿಲು ತೆರೆದಳು.