ಕುಂಬಳಕಾಯಿ ಒದ್ದ ದಿನ

ಕುಂಬಳಕಾಯಿ ಒದೆಯುವುದನ್ನು ಎಲ್ಲಾದರೂ ಕಂಡಿದ್ದೀರಾ? ಟೊಂಗಾ ದ್ವೀಪದ ಕಲೊಲೈನೆ ಕೈಯಾರೆ ಮುಟ್ಟಿ ನೋಡಿದ್ದಾಳೆ. ನಗು ಬಂದರೆ ಈಗಲೇ ನಕ್ಕುಬಿಡಿ, ಆಮೇಲೆ ಕಷ್ಟ.

ಅಂದು ನಾಲ್ವರು ಹೆಂಗಸರು ಉದ್ದನೆಯ ದಿಮ್ಮಿಯ ಮುಂದೆ ಕೂತು, ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುತ್ತಿದ್ದರು. ಹುಟ್ಟಲಿರುವ ಕೂಸನ್ನು ಸುತ್ತಲು ಆ ಬಟ್ಟೆ. ಎಂಟು ತಿಂಗಳು ತುಂಬಿದ ಬಸುರಿ ತೆಲೆಸಿಯಾಳೂ ಬಡಿಯುತ್ತಿದ್ದಳು. ಕಲೊಲೈನೆ ಅವಳ ಸೋದರತ್ತೆ; ಸೋದರತ್ತೆ ಹೂಂ ಅನ್ನದೆ ಆ ಮನೆಯಲ್ಲಿ ಯಾರೂ ಏಳುವಂತಿಲ್ಲ.

ದಾದಿ ವೈಮೊವಾನಾ ಬಂದಳು. "ಮಗು ಆಡ್ತಿದೆಯೇನೆ?"

"ನಿನ್ನೆ ಸಂಜೆ ಮಲಗಿದಾಗ ಆಡ್ಲಿಲ್ಲ ಅಕ್ಕಾ. ಬೆಳಿಗ್ಗೆನೂ ಇಲ್ಲ. ಇಲ್ಲಿ ಕೂತ್ಮೇಲೆ ಒದೀತಿದೆ."

"ಕೊಡತಿ ತಾಳಕ್ಕೆ ಕುಣೀತಿದೆ ಬಿಡು," ಎಂದಳು ಕಲೊಲೈನೆ. "ಕೊನೇ ತಿಂಗಳು ಜಾಗ ಸಾಲಲ್ಲ, ಮಲಗಿರ್ತದೆ. ಮಲಗಿದೋರನ್ನ ಎಬ್ಬಿಸೋದೇ ನಿಮ್ಮ ಆಸ್ಪತ್ರೆಯೋರ ಕಸುಬು!"

ದಾದಿ ಪಕ್ಕದ ತರಕಾರಿ ಬುಟ್ಟಿಯತ್ತ ಕಣ್ಣು ಹಾಯಿಸಿದಳು. "ಕಣ್ಣು ಮುಚ್ಚಿ ಅತ್ತೆಮ್ಮ. ನೀವೇ ಮುಟ್ಟಿ ಹೇಳಿ." ಕೈ ಹಿಡಿದು ಬಟ್ಟೆಯ ಮೇಲಿಟ್ಟಳು. ಕೊಡತಿಗಳು ಬಡಿಯುತ್ತಲೇ ಇದ್ದವು.

"ಆಹಾ! ಏನು ಒದೆ! ರಗ್ಬಿ ಆಡೋ ಗಂಡೇ ಇದು!"

ಹೆಂಗಸರು ಕಿಸಕ್ಕೆಂದರು. ಕಣ್ಣು ಬಿಟ್ಟರೆ, ನೆಲದ ಹಲಗೆಯ ಮೇಲೆ ಬಟ್ಟೆ ಹೊದ್ದ ಕುಂಬಳಕಾಯಿ.

"ಒದೀತಿರೋದು ದಿಮ್ಮಿ ಅತ್ತೆಮ್ಮ, ಅದರ ಬಡಿತ ಹಲಗೇಲಿ ಹರಿದು ಬರ್ತದೆ. ಎಲ್ರೂ ನಿಲ್ಸಿ."

ಸದ್ದು ನಿಂತಿತು. ತೆಲೆಸಿಯಾ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಏನೂ ಇಲ್ಲ.

"ಆಡುವಾಗ ಮಗುವಿನ ಎದೆ ಜೋರಾಗಿ ಬಡ್ಕೊಳ್ತದೆ, ನಿದ್ದೇಲಿ ನಿಧಾನ," ಎಂದಳು ದಾದಿ. "ಆದ್ರೆ ಅದರ ಒಂದು ನಿದ್ದೆ ಒಂದೂವರೆ ಗಂಟೆ ದಾಟೋದು ಅಪರೂಪ. ಹೊಕ್ಕುಳಬಳ್ಳಿಯಿಂದ ಬರೋ ಪ್ರಾಣವಾಯು ಸಾಲದೆ ಹೋದ್ರೆ ಮಗು ಆಟ ಬಿಡ್ತದೆ. ಇರೋ ರಕ್ತಾನ ಮಿದುಳಿಗೂ ಹೃದಯಕ್ಕೂ ಉಳಿಸ್ಕೊಳ್ತದೆ. ಅದು ನಿದ್ದೆ ಅಲ್ಲ."

"ಹೂಂ," ಅಂದಳು ಅತ್ತೆ. "ಏಳೇ ಹುಡುಗಿ. ಓಡು."

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಹಿಡಿಯಷ್ಟೇ ಇತ್ತು, ಆದರೆ ಅತ್ತಿತು.

ವಾರ್ಡಿನಲ್ಲಿ ಹೆಂಗಸರು ಅಣಕಿಸಿದರು: "ಆಹಾ, ರಗ್ಬಿ ಆಡೋ ಗಂಡೇ!" ಎಲ್ಲರಿಗಿಂತ ಜೋರಾಗಿ ನಕ್ಕವಳು ಕಲೊಲೈನೆ. ನಗುತ್ತಲೇ ಹೇಳಿದಳು: "ನನ್ನ ಮಗನೂ ಆ ದಿಮ್ಮಿ ಮುಂದೆ ಎರಡು ದಿನ ಒದ್ದ ಕಣ್ರೇ. ಹೆತ್ತಾಗ ತಣ್ಣಗಿದ್ದ. ಅವನಿಗೇಂತ ಬಡಿದ ಬಟ್ಟೇಲೇ ಸುತ್ತಿ ಮಣ್ಣು ಮಾಡಿದ್ವಿ. ಒದ್ದೋರು ಯಾರು ಅಂತ ಇಪ್ಪತ್ತಾರು ವರ್ಷಕ್ಕೆ ಗೊತ್ತಾಯ್ತು."

ಅವಳ ನಗು ನಿಲ್ಲಲಿಲ್ಲ. ಬೇರೆ ಯಾರೂ ನಗುತ್ತಿರಲಿಲ್ಲ.

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ದಿಮ್ಮಿ ಇಲ್ಲದಿರಬಹುದು. ಬಸ್ಸಿನ ಕುಲುಕಾಟವಿದೆ, ಹೊಲಿಗೆ ಯಂತ್ರದ ನಡುಕವಿದೆ. ದಿನವೂ ಕೆಲಸ ಬಿಟ್ಟು, ಎಡಮಗ್ಗುಲಾಗಿ ಮಲಗಿ, ಮಗುವಿನ ಆಟ ಗಮನಿಸಿ. ಕಡಿಮೆಯಾಯಿತು ಅನ್ನಿಸಿದರೆ ನಾಳೆಗೆ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಅತ್ತೆಯಂದಿರೇ, ನೀವು ಬೇಗ ಹೂಂ ಅನ್ನಿ.