ತುದಿಯ ಬ್ಯಾಟರಿ

ಸತ್ತ ಬ್ಯಾಟರಿಯನ್ನು ಗೋಣಿಚೀಲಕ್ಕೆ ಹಾಕಿ, ಅಪ್ಪನೂ ನಾನೂ ಒಂದೊಂದು ಕಡೆ ಹಿಡಿದು ಖಾನಾಪುರದಲ್ಲಿ ಬಸ್ ಹತ್ತಿದೆವು. ಅಪ್ಪನ ಎಲೆಕ್ಟ್ರಿಕ್ ಆಟೋದಲ್ಲಿ ಹನ್ನೆರಡು ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಪೋಣಿಸಿ ಅರವತ್ತು ವೋಲ್ಟ್ ಮಾಡಿದ್ದಾರೆ. ಒಂದು ಸತ್ತರೂ ಗಾಡಿ ನಿಲ್ಲುತ್ತದೆ. ಮೂರು ದಿನದಿಂದ ನಿಂತಿತ್ತು.

"ಶಾಕಿರನ್ನ ಇವತ್ತ ಬಿಡಂಗಿಲ್ಲ. ಡೂಪ್ಲಿಕೇಟ್ ಮಾಲ್ ಕೊಟ್ಟಾನ," ಎಂದು ಅಪ್ಪ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಿದ್ದ.

ಸತ್ತದ್ದು ತುದಿಯ ಬ್ಯಾಟರಿ. ಬೇಸಿಗೆಯಲ್ಲಿ ಪ್ರಯಾಣಿಕರಿಗೆಂದು ಅಪ್ಪ ತಂದ ಸಣ್ಣ ಫ್ಯಾನನ್ನು ಅದೊಂದಕ್ಕೇ ಜೋಡಿಸಿದವಳು ನಾನು. ಹನ್ನೆರಡಕ್ಕೆ ಹನ್ನೆರಡು, ಸರಿಹೋಯಿತು ಅಂದುಕೊಂಡಿದ್ದೆ. "ನಮ್ಮ ಪ್ರಮಿಳಾ ಬಿ.ಎಸ್ಸಿ. ಓದಿದ್ದು ಸಾರ್ಥಕ ಆತು" ಎಂದು ಅಪ್ಪ ಆಟೋ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ನಿನ್ನೆ ಡೈರಿಯಲ್ಲಿ ಐದು ಚೌಕ ಬರೆದು ತಂತಿ ಎಳೆದಾಗ ತಪ್ಪು ಕಂಡಿತು. ಬರೆಯುವುದು ಸುಲಭ. ಪೀರನವಾಡಿ ದಾಟಿ ಬೆಳಗಾವಿ ಹತ್ತಿರವಾದರೂ ನನ್ನ ಬಾಯಿ ತೆರೆಯಲಿಲ್ಲ.

ಬೆಳಗಾವಿಯ ಅಂಗಡಿಯಲ್ಲಿ ಶಾಕಿರಭಾಯಿ ಮೀಟರ್ ಹಚ್ಚಿ ನೋಡಿದ. "ಖರೇ, ಸತ್ತೈತಿ. ಗ್ಯಾರಂಟಿ ಐತಲ್ಲ, ಹೊಸಾದ ಒಯ್ರಿ ಸಾತಪ್ಪ ಕಾಕಾ. ಕಂಪನಿಯವರು ಕೊಡದಿದ್ರ ನನ್ನ ಮ್ಯಾಲ ಬರಲಿ. ಬೈಯೂದೊಂದು ಬಿಡ್ರಿ."

ಅಪ್ಪ ಚೀಲ ಝಾಡಿಸಿ ಹಿಡಿದ. ಹೊಸದೂ ಹೀಗೇ ಸಾಯುತ್ತದೆ. ಅಪ್ಪ ಮತ್ತೆ ಬಂದು ಇದೇ ಮನುಷ್ಯನನ್ನು ಬೈಯುತ್ತಾನೆ.

"ಬ್ಯಾಟರಿದು ತಪ್ಪಿಲ್ಲ," ಎಂದೆ. "ಫ್ಯಾನ್ ಅದೊಂದಕ್ಕ ಹಚ್ಚೀನಿ. ನಾನ."

ಇಬ್ಬರೂ ತಿರುಗಿ ನೋಡಿದರು. ನಾನು ನೆಲ ನೋಡುತ್ತ ಮುಗಿಸಿದೆ: "ನಿನ್ನಿ ಡೈರ್ಯಾಗ ಚಿತ್ರಾ ಬರದು ನೋಡೀನಿ. ಚಾರ್ಜರ್ ಐದಕ್ಕೂ ಸಮ ತುಂಬತೈತಿ. ಫ್ಯಾನ್ ಒಂದರದಷ್ಟ ತಿಂತೈತಿ. ಅದು ದಿನಾ ಅರೆಹೊಟ್ಟಿ."

ಆಡು-ಕುರಿ ಕಾಯ್ದು ಬೆಳೆದ ಅಪ್ಪ ಚೀಲ ಕೆಳಗಿಟ್ಟ. "ಐದೂ ಆಡಿಗೆ ಸಮ ಮೇವು ಹಾಕಿ, ಒಂದನ್ನಷ್ಟ ಹಿಂಡಿದಂಗ ಅಂತೀ?"

"ಹ್ಞೂ."

"ಸ್ಟ್ಯಾಂಡಿನ್ಯಾಗ ಈಗ ಏನಂತ ಹೇಳ್ಲಿ?"

ಶಾಕಿರಭಾಯಿ ನಗುತ್ತ ಅಂಗೈಯಗಲದ ಡಬ್ಬಿಯೊಂದನ್ನು ಮುಂದಿಟ್ಟ. ಕನ್ವರ್ಟರ್. ಒಳಗೆ ಅರವತ್ತು ಹೋಗಿ ಹೊರಗೆ ಹನ್ನೆರಡು ಬರುತ್ತದೆ. ಐದೂ ಬ್ಯಾಟರಿಗಳ ಮೇಲೆ ಭಾರ ಸಮ. "ಬ್ಯಾಟರಿಗೆ ಅರ್ಧಾ ನಾ, ಅರ್ಧಾ ನೀವು. ಡಬ್ಬಿ ರೊಕ್ಕ ಪೂರಾ ನಿಮ್ದ. ಈ ಹುಡುಗಿಗೆ ಬಾಯಿನ ಇಲ್ಲ ಅಂದುಕೊಂಡಿದ್ನಲ್ರೀ ಕಾಕಾ!"

"ನಾನೂ ಹಂಗ ಅಂದುಕೊಂಡಿದ್ನಿ," ಎಂದು ಅಪ್ಪ ದುಡ್ಡು ತೆಗೆದ.

ವಾಪಸು ಬಸ್ಸಿನಲ್ಲಿ ಡಬ್ಬಿ ಅಪ್ಪನ ತೊಡೆಯ ಮೇಲಿತ್ತು. ಪೀರನವಾಡಿ ದಾಟಿತು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ.

"ಇದನ್ನೂ ನೀನ ಹಚ್ಚು. ಆದರ ಮೊದಲ ಆ ಡೈರ್ಯಾಗಿನ ಚಿತ್ರಾ ನನಗ ತೋರಸು."